ಕಾಯಿಲೆ ಇದ್ದವರಿಗೆ ಆರೋಗ್ಯ ವಿಮೆ: ಅಡಿಕೆ ಹಣದಲ್ಲಿ ಒಂದು ಪಾಲು

ಉಬ್ರಾಣಿ ಹೋಬಳಿಯ ಅಡಿಕೆ ಬೆಳೆಗಾರರ ಕೈಯಲ್ಲಿ ದೊಡ್ಡ ಹಣ ಓಡಾಡುವುದು ವರ್ಷಕ್ಕೊಮ್ಮೆ. ಕೊಯ್ಲಿನ ಅಥವಾ ಖೇಣಿಯ ಹಣ ಬಂದ ಕೆಲವೇ ದಿನಗಳಲ್ಲಿ ಸೊಸೈಟಿ ಸಾಲ, ಗೊಬ್ಬರದಂಗಡಿಯ ಬಾಕಿ, ಮದುವೆ, ಮತ್ತೊಂದು ಕೊಳವೆಬಾವಿ ಎಂದು ಹಂಚಿಹೋಗುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೂ ಅವರ ಹೆಸರಿನಲ್ಲಿ ಒಂದು ಪಾಲು ಎತ್ತಿಡುವುದು ಅಪರೂಪ. “ಕಾಯಿಲೆ ಆಗಲೇ ಬಂದಿದೆಯಲ್ಲ, ನಮಗಿನ್ನು ವಿಮೆ ಯಾರು ಕೊಡುತ್ತಾರೆ?” ಎನ್ನುವವರೇ ಹೆಚ್ಚು. ಈ ಮಾತು ಅರ್ಧ ಮಾತ್ರ ನಿಜ.

ವಿಮಾ ಕಂಪನಿಗಳು ಮೊದಲೇ ಇದ್ದ ಕಾಯಿಲೆಗೆ ಕೆಲವು ಕಾಲ ಹಣ ಕೊಡುವುದಿಲ್ಲ. ಈ ಕಾಯುವ ಅವಧಿ 48 ತಿಂಗಳವರೆಗೆ ಇರಬಹುದಾಗಿತ್ತು. 2024ರ ಏಪ್ರಿಲ್‌ನಿಂದ 36 ತಿಂಗಳನ್ನು ಮೀರುವಂತಿಲ್ಲ. ಕಂಪನಿಯು ಕಂತನ್ನು ಹೆಚ್ಚಿಸಬಹುದು, ಅರ್ಜಿಯನ್ನು ನಿರಾಕರಿಸಲೂಬಹುದು. ಇದಕ್ಕೆ ಹೆದರಿ ಕೆಲವರು ಅರ್ಜಿಯಲ್ಲಿ ಕಾಯಿಲೆಯನ್ನು ಮರೆಮಾಚುತ್ತಾರೆ. ಹೀಗೆ ಎಂದಿಗೂ ಮಾಡಬಾರದು. ಆಸ್ಪತ್ರೆಯ ಹಳೆಯ ಚೀಟಿಯೊಂದು ಸಿಕ್ಕರೆ ಸಾಕು, ಕಟ್ಟಿದ ಕಂತೂ ಹೋಯಿತು, ಚಿಕಿತ್ಸೆಯ ಹಣವೂ ಹೋಯಿತು.

ಆದ್ದರಿಂದ ರೈತರು ಮೊದಲು ವಿಚಾರಿಸಬೇಕಾದದ್ದು ತಮ್ಮ ಸಹಕಾರ ಸಂಘದಲ್ಲಿ. 2003ರಲ್ಲಿ ತಲೆಗೆ ವರ್ಷಕ್ಕೆ 60 ರೂಪಾಯಿ ವಂತಿಗೆಯಿಂದ ಜಾರಿಗೆ ಬಂದ ಯಶಸ್ವಿನಿ ಯೋಜನೆ 2018ರಲ್ಲಿ ನಿಂತುಹೋಗಿತ್ತು. 2022ರಲ್ಲಿ ಅದನ್ನು ಮತ್ತೆ ಆರಂಭಿಸಲಾಯಿತು. ಆಗ ನಿಗದಿಯಾದಂತೆ ಗ್ರಾಮೀಣ ಸದಸ್ಯರ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ, ಹೆಚ್ಚಿನ ಪ್ರತಿಯೊಬ್ಬರಿಗೆ 100 ರೂಪಾಯಿ. ಪಟ್ಟಿಯಲ್ಲಿರುವ ಚಿಕಿತ್ಸೆಗೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ನೆರವು. ಕಾಯಿಲೆ ಮೊದಲೇ ಇತ್ತೆಂಬ ಕಾರಣಕ್ಕೆ ಯಾರನ್ನೂ ಹೊರಗಿಡುವುದಿಲ್ಲ. ಆದರೆ ನೋಂದಣಿಗೆ ಗಡುವುಂಟು. ಕಾಲಿಗೆ ಗಾಯವಾದ ಮೇಲೆ ಸಂಘಕ್ಕೆ ಓಡಿದರೆ ಪ್ರಯೋಜನವಿಲ್ಲ.

ಬಿಪಿಎಲ್ ಕಾರ್ಡಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕಂತಿಲ್ಲದೆಯೇ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ನಿಗದಿತ ದರದ ಶೇಕಡ 30 ಭಾಗ ಮಾತ್ರ. ತುರ್ತು ಸಂದರ್ಭದ ಹೊರತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಇದನ್ನರಿಯದೆ ನೇರವಾಗಿ ದಾವಣಗೆರೆಯ ಖಾಸಗಿ ಆಸ್ಪತ್ರೆಗೆ ಸೇರಿ ಕೈಯಿಂದ ಹಣ ಕಟ್ಟುವವರುಂಟು.

ಇನ್ನು ಖರ್ಚಿನ ಮಾತು. ವರ್ಷಕ್ಕೆ 500 ರೂಪಾಯಿ ಎಂದರೆ ತಿಂಗಳಿಗೆ 42 ರೂಪಾಯಿಗೂ ಕಡಿಮೆ. ಬೀಡಿ, ಹೊಗೆಸೊಪ್ಪಿಗೆ ದಿನಕ್ಕೆ 20 ರೂಪಾಯಿ ಹೋದರೆ ವರ್ಷಕ್ಕೆ 7,300 ರೂಪಾಯಿ. ಬೀಡಿ ಸೇದುವ ಸಕ್ಕರೆ ಕಾಯಿಲೆಯವರ ಕಾಲಿಗೆ ರಕ್ತಸಂಚಾರ ಕುಂದುವುದರಿಂದ ಈ ಖರ್ಚು ಇನ್ನೊಂದು ಖರ್ಚನ್ನು ಕರೆದು ತರುತ್ತದೆ. ಬರಿಗಾಲಿನಲ್ಲಿ ತೋಟಕ್ಕಿಳಿದು ಮುಳ್ಳು ಚುಚ್ಚಿಸಿಕೊಂಡು, ನೋವು ತಿಳಿಯದೆ, ಕೊನೆಗೆ ಬೆರಳನ್ನೇ ತೆಗೆಸಬೇಕಾದ ಸ್ಥಿತಿ ಬರಬಹುದು. ಒಂದು ಜೊತೆ ಮುಚ್ಚಿದ ಚಪ್ಪಲಿಯೂ ಒಂದು ಬಗೆಯ ವಿಮೆಯೇ. ನೀರು ಬೀಳದ ಕೊಳವೆಬಾವಿಗೆ ಸುರಿದ ಹಣದ ಲೆಕ್ಕವನ್ನು ನಾವು ಯಾರೂ ಕೇಳುವುದಿಲ್ಲ. ಚಪ್ಪಲಿಗೆ ಮಾತ್ರ ಚೌಕಾಸಿ ಮಾಡುತ್ತೇವೆ.

ದಿನನಿತ್ಯದ ಮಾತ್ರೆಯ ಖರ್ಚನ್ನು ಯಶಸ್ವಿನಿ ಭರಿಸುವುದಿಲ್ಲ. ಅದಕ್ಕೆ ಬೇರೆಯಾಗಿಯೇ ಹಣ ತೆಗೆದಿಡಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತವೆ. ಅಲ್ಲಿ ಇಲ್ಲದ ದಿನ ಜನೌಷಧಿ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಕೊಳ್ಳಬಹುದು. ಅಡಿಕೆ ಹಣ ಬಂದ ವಾರವೇ ಪಡಿತರ ಚೀಟಿ, ಆಧಾರ್, ಮನೆಯವರ ಭಾವಚಿತ್ರಗಳೊಂದಿಗೆ ಸಂಘದ ಕಾರ್ಯದರ್ಶಿಯವರನ್ನು ಕಂಡು, ಈ ವರ್ಷದ ವಂತಿಗೆ ಎಷ್ಟು, ಗಡುವು ಯಾವಾಗ ಎಂದು ಕೇಳಿ, ಹಣ ಕಟ್ಟಿ ರಸೀದಿ ಪಡೆಯತಕ್ಕದ್ದು. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ವಂತಿಗೆಯನ್ನು ಸರ್ಕಾರವೇ ಭರಿಸುತ್ತದೆ. ಆದರೂ ಅವರು ಹೆಸರು ನೋಂದಾಯಿಸಲೇಬೇಕು.