ಕರಟ ಉಜ್ಜಲು ಯಾವ ಮೋಟಾರು?

ತಿಪಟೂರು

ಚಿ. ಪುಟ್ಟಿಗೆ,

ನೀನು ಕಳಿಸಿದ ಫೋಟೋ ನೋಡಿದೆ. ಗುಜರಿಯಲ್ಲಿ ಚೌಕಾಸಿ ಮಾಡಿ ಎರಡು ಮೋಟಾರು ತಂದಿದ್ದೀಯ, ಒಂದು ಮಿಕ್ಸಿಯದು, ಇನ್ನೊಂದು ಸೆಮಿ ಆಟೋಮ್ಯಾಟಿಕ್ ವಾಷಿಂಗ್ ಮೆಷಿನ್ನಿನಲ್ಲಿ ಬಟ್ಟೆ ಒಗೆಯುವುದು. ಮಿಕ್ಸಿ ಮೇಲೆ 750 ವ್ಯಾಟ್ ಅಂತಿದೆ, ಕರಟ ಉಜ್ಜೋಕೆ ಅದೇ ಗಟ್ಟಿ ಅಂತ ಬರೆದಿದ್ದೀಯ. ಅಲ್ಲ ಮಗಳೇ. ವ್ಯಾಟಿಗಿಂತ ಮುಂಚೆ ಮೋಟಾರು ಎಷ್ಟು ಸುತ್ತು ಹೊಡೆಯುತ್ತದೆ, ಎಷ್ಟು ಹೊತ್ತು ಓಡುತ್ತದೆ ಅಂತ ಕೇಳಬೇಕು.

ಮಿಕ್ಸಿಯದು ಕಾರ್ಬನ್ ಬ್ರಷ್ಷಿನ ಮೋಟಾರು. ಹೊರೆ ಬಿದ್ದರೆ ಕುಗ್ಗುತ್ತದೆ, ಹೊರೆ ಇಲ್ಲದಿದ್ದರೆ ನಿಮಿಷಕ್ಕೆ 18,000 ಸುತ್ತಿನ ಆಸುಪಾಸಿಗೆ ಏರುತ್ತದೆ. ಆ ವೇಗಕ್ಕೆ ಆರಿಂಚಿನ ಸಾಣೆಕಲ್ಲು ಕಟ್ಟಿದರೆ ಅದರ ಅಂಚು ಸೆಕೆಂಡಿಗೆ 140 ಮೀಟರ್ ಓಡುತ್ತದೆ. ಸಾಮಾನ್ಯ ಕಲ್ಲು ತಡೆಯುವುದು 35 ಮೀಟರ್. ಒಡೆದ ಚೂರು ಬರುವುದು ನಿನ್ನ ಮುಖಕ್ಕೇ. ಜೊತೆಗೆ ಆ ಮೋಟಾರನ್ನು ಮಾಡಿರುವುದೇ ಚಟ್ನಿ ರುಬ್ಬುವಷ್ಟು ಹೊತ್ತಿಗೆ. ಅರ್ಧ ಗಂಟೆ ಓಡಿಸಿದರೆ ವಾಸನೆ ಬರುತ್ತದೆ, ಆಮೇಲೆ ಹೊಗೆ.

ವಾಷಿಂಗ್ ಮೆಷಿನ್ನಿನದು ನೋಡು, ಬಡಪಾಯಿ ಥರ ಕಾಣುತ್ತದೆ. ಆದರೆ ಅದು ಇಂಡಕ್ಷನ್ ಮೋಟಾರು. ನಾಲ್ಕು ಪೋಲ್, ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ 1500 ಸುತ್ತು ದಾಟುವ ಮಾತೇ ಇಲ್ಲ. ಹೊರೆಯಲ್ಲಿ 1400ರ ಹತ್ತಿರ ನಿಲ್ಲುತ್ತದೆ. ಅದಕ್ಕೆ ಐದಿಂಚಿನ ಸ್ಯಾಂಡಿಂಗ್ ಡಿಸ್ಕ್ ಹಾಕಿದರೆ ಕರಟ ಸುಟ್ಟು ಕಪ್ಪಾಗದೆ ನಯವಾಗುತ್ತದೆ. ಒತ್ತಿ ಹಿಡಿದರೆ ನಿಂತುಬಿಡುತ್ತದೆ ಎನ್ನುವುದೊಂದೇ ತಕರಾರು. ಕಲಿಯುವವರಿಗೆ ಅದೂ ಒಳ್ಳೆಯದೇ ಅನ್ನು.

ಈ ಮೋಟಾರಿನಿಂದ ಮೂರು ವೈರು ಹೊರಬಂದಿವೆಯಲ್ಲ, ಬಣ್ಣ ನಂಬಬೇಡ, ಕಂಪನಿಗೊಂದು ಬಣ್ಣ. ಮೊದಲು ಕೆಪಾಸಿಟರನ್ನು ಬಲ್ಬಿನ ಮೂಲಕ ಖಾಲಿ ಮಾಡಿ ಬಿಚ್ಚು. ಆಮೇಲೆ ಮಲ್ಟಿಮೀಟರಿನಲ್ಲಿ ಎರಡೆರಡೇ ವೈರಿನ ಓಮ್ಸ್ ನೋಡು. ಹೆಚ್ಚು ಬಂದ ಜೋಡಿಯ ನಡುವೆ ಕೆಪಾಸಿಟರ್, ಉಳಿದ ವೈರು ಕಾಮನ್, ಅದಕ್ಕೆ ನ್ಯೂಟ್ರಲ್. ಬಟ್ಟೆಯನ್ನು ಆ ಕಡೆ ಈ ಕಡೆ ತಿರುಗಿಸುವ ಮೋಟಾರಾದ್ದರಿಂದ ಎರಡೂ ವೈಂಡಿಂಗ್ ಒಂದೇ ಸಮ ಇರುತ್ತವೆ. ಫೇಸನ್ನು ಕೆಪಾಸಿಟರಿನ ಈ ತುದಿಗೆ ಕೊಟ್ಟರೆ ಒಂದು ದಿಕ್ಕು, ಆ ತುದಿಗೆ ಕೊಟ್ಟರೆ ಇನ್ನೊಂದು. ನೀನು ಕರಟ ಹಿಡಿಯುವ ಕಡೆ ಡಿಸ್ಕು ಕೆಳಕ್ಕೆ ಇಳಿಯುತ್ತಿರಬೇಕು. ಮೇಲಕ್ಕೆ ಏರುತ್ತಿದ್ದರೆ ಕರಟವನ್ನು ಕಿತ್ತು ಎಸೆಯುತ್ತದೆ.

ಇದೆಲ್ಲ ತಿಳಿದಿರಲಿ ಅಂತ ಬರೆದೆ, ಕರೆಂಟು ಮಾತ್ರ ಈಗಲೇ ಕೊಡಬೇಡ. ಎಷ್ಟು ವರ್ಷ ಸೋಪಿನ ನೀರು ಕುಡಿದಿದೆಯೋ. ಊರಿಗೆ ಬರುವಾಗ ತಾ, ನಮ್ಮ ಅಂಗಡಿಯ ಮೆಗ್ಗರಿನಲ್ಲಿ ಇನ್ಸುಲೇಷನ್ ನೋಡೋಣ. ವೈಂಡಿಂಗಿಗೂ ಬಾಡಿಗೂ ನಡುವೆ ಒಂದು ಮೆಗಾ ಓಮ್ ಕೂಡ ತೋರಿಸದಿದ್ದರೆ ಬಿಸಿಲಿಗಿಟ್ಟು ವಾರ್ನಿಷ್ ಹೊಡೆಯಬೇಕಾಗುತ್ತದೆ. ಬಾಡಿಗೆ ಅರ್ಥ್ ಇಲ್ಲದೆ ಓಡಿಸಲು ನಾನಂತೂ ಬಿಡುವುದಿಲ್ಲ. ಕರಟದ ಪುಡಿ ಬಲು ನುಣ್ಣಗಿರುತ್ತದೆ, ಮೂಗಿಗೆ ಮಾಸ್ಕ್ ಬೇಕು, ಮೋಟಾರಿಗೆ ಪುಡಿ ಹೋಗದಂತೆ ಮರೆ ಬೇಕು.

ಅಷ್ಟರಲ್ಲಿ ಶಾಫ್ಟಿನ ದಪ್ಪವನ್ನು ವರ್ನಿಯರಿನಲ್ಲಿ ಅಳೆದು ತಿಳಿಸು. ಲೇತಿನವನಿಗೆ ಹೇಳಿ ಡಿಸ್ಕಿಗೆ ಫ್ಲ್ಯಾಂಜ್ ಕೊರೆಸಿಡುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ