ಲೌಕಿಕ ವಿಧಿಯೂ ವ್ರತಶುದ್ಧಿಯೂ

ಭಾರತೀಯರ ಸಂಸ್ಕೃತಿಯನ್ನೂ ಸಮಾಜವನ್ನೂ ರೂಪಿಸಿದ ಶಕ್ತಿಗಳಲ್ಲಿ ವೈದಿಕ ಮೂಲದ ಹಿಂದೂ ಧರ್ಮದ ಪಾತ್ರವು ಬಹು ದೊಡ್ಡದು. ಶಿಶುವಿನ ನಾಮಕರಣದಿಂದ ವಿವಾಹ, ಗೃಹಪ್ರವೇಶಗಳವರೆಗೆ, ಪಂಚಾಂಗದ ತಿಥಿಯಿಂದ ಹಬ್ಬದ ಅಡಿಗೆಯವರೆಗೆ ಅದರ ಮುದ್ರೆ ಬೀಳದ ಎಡೆಯೇ ಇಲ್ಲವೆನ್ನಬಹುದು. ಶತಮಾನಗಳ ಕಾಲ ಅದೇ ಊರಿನಲ್ಲಿ, ಅದೇ ಬೀದಿಯಲ್ಲಿ ಬಾಳಿದ ಜೈನ ಸಮಾಜವು ಈ ಪ್ರಭಾವಕ್ಕೆ ಒಳಗಾಗಲಿಲ್ಲವೆಂಬುದು ಸತ್ಯವಲ್ಲ. ಅದರಲ್ಲಿ ಕರಗಿಹೋಯಿತೆಂಬುದೂ ಸತ್ಯವಲ್ಲ. ನಮ್ಮ ಆಚಾರ್ಯರು ಯಾವುದನ್ನು ಸ್ವೀಕರಿಸಿದರು, ಯಾವುದನ್ನು ಬಿಟ್ಟರು, ಯಾವ ಅಳತೆಗೋಲಿನಿಂದ ಅಳೆದರು ಎಂಬುದನ್ನು ತಿಳಿದರೆ, ವ್ರತೋಪವಾಸಗಳ ವಿಷಯವಾಗಿ ನಮ್ಮ ಮನೆಗಳಲ್ಲಿ ಏಳುವ ಅನೇಕ ಸಂದೇಹಗಳು ಪರಿಹಾರವಾಗುತ್ತವೆ.

ಆಚಾರ್ಯರ ಅಳತೆಗೋಲು

ಕ್ರಿ. ಶ. 9ನೆಯ ಶತಮಾನದಲ್ಲಿ, ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಕಾಲದಲ್ಲಿದ್ದ ಜಿನಸೇನಾಚಾರ್ಯರು ತಮ್ಮ ಆದಿಪುರಾಣದಲ್ಲಿ ಶ್ರಾವಕರ ಸಂಸ್ಕಾರಗಳನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಅವುಗಳಲ್ಲಿ ಗರ್ಭಾನ್ವಯ ಕ್ರಿಯೆಗಳೇ 53. ಆಧಾನ, ನಾಮಕರ್ಮ, ಅನ್ನಪ್ರಾಶನ, ಉಪನೀತಿ, ವಿವಾಹ ಮುಂತಾದ ಹೆಸರುಗಳನ್ನು ಕೇಳಿದೊಡನೆ ವೈದಿಕರ ಷೋಡಶ ಸಂಸ್ಕಾರಗಳು ನೆನಪಿಗೆ ಬರುತ್ತವೆ. ಈ ಸಾಮ್ಯವು ಆಕಸ್ಮಿಕವಲ್ಲ. ಆದರೆ ವೈದಿಕರ ಎಣಿಕೆಯು ಅಂತ್ಯೇಷ್ಟಿಯಲ್ಲಿ ಮುಗಿದರೆ, ಜಿನಸೇನರ ಸರಣಿಯು ದೀಕ್ಷೆ, ಕೇವಲಜ್ಞಾನಗಳನ್ನು ದಾಟಿ ನಿರ್ವಾಣದಲ್ಲಿ ಮುಗಿಯುತ್ತದೆ. ಯಜ್ಞೋಪವೀತದ ಮೂರು ಎಳೆಗಳು ಇಲ್ಲಿ ರತ್ನತ್ರಯದ ಗುರುತು. ಕ್ರಿಯೆಯ ಹೊರರೂಪವು ಲೋಕದ್ದು, ಅದರ ಗುರಿಯು ಜಿನಮಾರ್ಗದ್ದು.

ಈ ಕ್ರಮಕ್ಕೆ ಸ್ಪಷ್ಟವಾದ ನಿಯಮರೂಪವನ್ನು ಕೊಟ್ಟವರು ಸೋಮದೇವಸೂರಿಗಳು. ಅವರ ಯಶಸ್ತಿಲಕ ಚಂಪುವು ಪೂರ್ಣಗೊಂಡದ್ದು ಕ್ರಿ. ಶ. 959ರಲ್ಲಿ, ಪಂಪಮಹಾಕವಿಗೆ ಆಶ್ರಯವಿತ್ತ ಅರಿಕೇಸರಿಯ ವಂಶದವರ ಆಳ್ವಿಕೆಯಲ್ಲಿ. ಗೃಹಸ್ಥನ ಧರ್ಮವು ಲೌಕಿಕ, ಪಾರಲೌಕಿಕ ಎಂದು ಎರಡು ಬಗೆ. ಮೊದಲನೆಯದಕ್ಕೆ ಲೋಕರೂಢಿಯೇ ಆಧಾರ, ಎರಡನೆಯದಕ್ಕೆ ಆಗಮವೇ ಆಧಾರ. ಲೋಕರೂಢಿಯನ್ನು ಜೈನನು ಒಪ್ಪಬಹುದು. ಆದರೆ ಎರಡು ನಿಬಂಧನೆಗಳುಂಟು: ಸಮ್ಯಕ್ತ್ವಕ್ಕೆ ಹಾನಿಯಾಗಬಾರದು, ವ್ರತಕ್ಕೆ ದೋಷ ತಟ್ಟಬಾರದು. ಸಾವಿರ ವರ್ಷಗಳ ಹಿಂದಿನ ಈ ಅಳತೆಗೋಲು ಇಂದಿಗೂ ನಮಗೆ ಸಾಕು.

ಅಳತೆಗೆ ನಿಂತವು, ನಿಲ್ಲದವು

ವಧೂವರರು ಅಗ್ನಿಗೆ ಪ್ರದಕ್ಷಿಣೆ ಬರುವುದೂ ಸಪ್ತಪದಿ ತುಳಿಯುವುದೂ ಜೈನ ವಿವಾಹದಲ್ಲಿ ನೆಲೆನಿಂತವು. ಅವುಗಳಿಂದ ಯಾವ ಅಣುವ್ರತಕ್ಕೂ ಬಾಧೆಯಿಲ್ಲ. ಆದರೆ ಪಿತೃಗಳಿಗೆ ಪಿಂಡವಿಡುವ ಶ್ರಾದ್ಧವು ಈ ಅಳತೆಗೆ ನಿಲ್ಲದು. ಶರೀರವನ್ನು ಬಿಟ್ಟ ಜೀವವು ವಿಗ್ರಹಗತಿಯಲ್ಲಿ ಹೆಚ್ಚೆಂದರೆ ಮೂರು ಸಮಯ ಮಾತ್ರ ಅನಾಹಾರಕವಾಗಿರುತ್ತದೆಂದು ತತ್ತ್ವಾರ್ಥಸೂತ್ರವು ತಿಳಿಸುತ್ತದೆ. ಇಲ್ಲಿ ಸಮಯವೆಂದರೆ ಕಾಲದ ಅತಿ ಸೂಕ್ಷ್ಮವಾದ ಅಂಶ. ಅಷ್ಟರಲ್ಲಿಯೇ ಹೊಸ ಜನ್ಮವನ್ನು ಪಡೆದ ಜೀವವು ಪಿಂಡಕ್ಕಾಗಿ ಕಾದಿರುವುದೆಂಬ ಭಾವನೆಗೆ ಎಡೆಯೆಲ್ಲಿ? ಹಿರಿಯರನ್ನು ಸ್ಮರಿಸುವ ಕೃತಜ್ಞತೆಯು ಎಲ್ಲ ಧರ್ಮಗಳಲ್ಲಿಯೂ ಗೌರವಾರ್ಹವಾದುದು. ನಾವು ಅದನ್ನು ಅವರ ಹೆಸರಿನಲ್ಲಿ ಆಹಾರ, ಔಷಧ, ಶಾಸ್ತ್ರ, ಅಭಯವೆಂಬ ದಾನಗಳ ಮೂಲಕ ಸಲ್ಲಿಸತಕ್ಕದ್ದು.

ಬಲಿಯ ವಿಷಯದಲ್ಲಿ ಆಚಾರ್ಯರು ಎಳ್ಳಷ್ಟೂ ಬಾಗಲಿಲ್ಲ. ಲೋಕರೂಢಿಗೆ ಅಷ್ಟು ಅವಕಾಶವಿತ್ತ ಸೋಮದೇವರೇ ಯಶೋಧರನ ಕಥೆಯನ್ನು ಹೇಳಿದರು. ಅದನ್ನೇ ಜನ್ನಕವಿಯು ಕ್ರಿ. ಶ. 1209ರಲ್ಲಿ ಕನ್ನಡದಲ್ಲಿ ರಚಿಸಿದನು. ಯಶೋಧರನು ದೇವಿಗೆ ಒಪ್ಪಿಸಿದ್ದು ಹಿಟ್ಟಿನ ಕೋಳಿಯೇ ಹೊರತು ಜೀವದ ಕೋಳಿಯಲ್ಲ. ಆದರೂ ಕೊಲ್ಲುವ ಸಂಕಲ್ಪವೇ ಹಿಂಸೆಯಾಗಿ, ತಾಯಿಯೂ ಮಗನೂ ಜನ್ಮಜನ್ಮಾಂತರಗಳಲ್ಲಿ ತೊಳಲಿದರು.

ಒಂದೇ ತಿಥಿ, ಬೇರೆ ದೃಷ್ಟಿ

ಹಬ್ಬಗಳಲ್ಲಿ ಈ ಸಹಬಾಳ್ವೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹಿಂದೂಗಳು ಬಲಿಯನ್ನು ಮೂರು ಹೆಜ್ಜೆಗಳಿಂದ ಗೆದ್ದ ವಾಮನನನ್ನು ಸ್ಮರಿಸುತ್ತಾರೆ. ನಾವು ರಕ್ಷಾಬಂಧನದ ಹುಣ್ಣಿಮೆಯಂದು, ವಾಮನರೂಪವನ್ನು ತಾಳಿ ಬಲಿಯಿಂದ ಏಳುನೂರು ಮುನಿಗಳ ಉಪಸರ್ಗವನ್ನು ನಿವಾರಿಸಿದ ವಿಷ್ಣುಕುಮಾರ ಮುನಿಗಳನ್ನು ಸ್ಮರಿಸುತ್ತೇವೆ. ದೀಪಾವಳಿಯ ಅಮಾವಾಸ್ಯೆಯು ಹಿಂದೂಗಳಿಗೆ ಲಕ್ಷ್ಮೀಪೂಜೆಯ ದಿನ. ನಮಗೆ ವರ್ಧಮಾನ ಸ್ವಾಮಿಯ ನಿರ್ವಾಣದ ದಿನ. ಆಗ ಪಾವಾನಗರದಲ್ಲಿ ದೀಪಗಳನ್ನು ಬೆಳಗಿದ ಸಂಗತಿಯು ಕ್ರಿ. ಶ. 783ರ ಹರಿವಂಶಪುರಾಣದಲ್ಲಿದೆ.

ಅನಂತನ ನೋಂಪಿಯನ್ನು ವಿಶೇಷವಾಗಿ ಗಮನಿಸಬೇಕು. ಭಾದ್ರಪದ ಶುಕ್ಲ ಚತುರ್ದಶಿಯಂದು ಹಿಂದೂ ಗೃಹಗಳಲ್ಲಿ ಶೇಷಶಾಯಿಯಾದ ಅನಂತಪದ್ಮನಾಭನ ಪೂಜೆ ನಡೆಯುತ್ತದೆ. ಹದಿನಾಲ್ಕು ಗಂಟುಗಳ ದಾರವನ್ನು ಕಟ್ಟಿಕೊಂಡು ಹದಿನಾಲ್ಕು ವರ್ಷ ಆಚರಿಸುತ್ತಾರೆ. ನಮ್ಮಲ್ಲಿಯೂ ಅದೇ ತಿಥಿ, ಅದೇ ಸಂಖ್ಯೆ. ಆದರೆ ನಮ್ಮ ಅನಂತನು ಹದಿನಾಲ್ಕನೆಯ ತೀರ್ಥಂಕರನಾದ ಅನಂತನಾಥ ಸ್ವಾಮಿ. ಆ ದಿನವು ದಶಲಕ್ಷಣ ಪರ್ವದ ಸಮಾಪ್ತಿ, ವಾಸುಪೂಜ್ಯ ಸ್ವಾಮಿಯ ನಿರ್ವಾಣ ತಿಥಿ. ಹದಿನಾಲ್ಕೆಂಬ ಸಂಖ್ಯೆಯನ್ನು ಎಣಿಸುವಾಗ ಹದಿನಾಲ್ಕು ಗುಣಸ್ಥಾನಗಳನ್ನು ಚಿಂತಿಸುವ ಶ್ರಾವಿಕೆಗೆ ದಾರವು ಬರಿಯ ದಾರವಾಗಿ ಉಳಿಯುವುದಿಲ್ಲ. ನೆರೆಮನೆಯವರ ಪೂಜೆಯನ್ನು ಹಳಿಯದೆ, ತನ್ನ ಪೂಜೆಯ ಅರ್ಥವನ್ನು ಮರೆಯದೆ ಇರುವುದೇ ಇಲ್ಲಿ ವಿವೇಕ.

ಎಚ್ಚರ ಬೇಕಾದ ಎಡೆಗಳು

ಪ್ರಭಾವವು ದೊಡ್ಡ ಸಿದ್ಧಾಂತಗಳ ಮೂಲಕ ಬರುವುದಕ್ಕಿಂತ ಅಡಿಗೆಮನೆಯ ಮೂಲಕ ಸುಲಭವಾಗಿ ಬರುತ್ತದೆ. ಏಕಾದಶಿಯಂತಹ ದಿನಗಳಲ್ಲಿ ಧಾನ್ಯವನ್ನು ಬಿಟ್ಟು ಫಲಾಹಾರ ಮಾಡುವುದು ಹಿಂದೂಗಳಲ್ಲಿ ರೂಢಿ. ಆಲೂಗೆಡ್ಡೆ, ಗೆಣಸುಗಳೂ ಅನೇಕ ಮನೆಗಳಲ್ಲಿ ಆ ಫಲಾಹಾರಕ್ಕೆ ಸಲ್ಲುತ್ತವೆ. ನಮ್ಮ ಮನೆಯವರು ಅಷ್ಟಮಿ, ಚತುರ್ದಶಿಗಳಲ್ಲಿ ಇದನ್ನೇ ಅನುಸರಿಸಿದರೆ, ಅನಂತಕಾಯಗಳಾದ ಕಂದಮೂಲಗಳನ್ನು ಉಪವಾಸದ ಹೆಸರಿನಲ್ಲಿಯೇ ತಿಂದಂತಾಗುತ್ತದೆ. ಅದೇ ರೀತಿ ಸಂಕಷ್ಟ ಚತುರ್ಥಿಯ ಉಪವಾಸವನ್ನು ಚಂದ್ರೋದಯವಾದ ಮೇಲೆ ಬಿಡುತ್ತಾರೆ. ಅವರ ವಿಧಿಯಲ್ಲಿ ಅದು ಸರಿ. ರಾತ್ರಿಭೋಜನವನ್ನು ತ್ಯಜಿಸಿದ ಶ್ರಾವಕನಿಗೆ ಅದು ವ್ರತಭಂಗ. ಸೋಮದೇವರ ಎರಡನೆಯ ನಿಬಂಧನೆಯು ಇಂತಹ ಎಡೆಗಳಿಗಾಗಿಯೇ ಇದೆ. ನಾಲ್ಕು ಬಗೆಯ ಆಹಾರಗಳ ತ್ಯಾಗವೇ ಉಪವಾಸವೆಂದು ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರವು ವಿಧಿಸುತ್ತದೆ. ಅಷ್ಟು ಶಕ್ತಿಯಿಲ್ಲದವರು ಒಂದು ಹೊತ್ತು ಶುದ್ಧಾಹಾರದ ಏಕಾಶನವನ್ನು ಮಾಡಲಿ. ಚಿಕ್ಕ ವ್ರತವಾದರೂ ನಿರ್ದೋಷವಾಗಿರಲಿ.

ಇದಕ್ಕಿಂತ ಸೂಕ್ಷ್ಮವಾದುದು ಸಂಕಲ್ಪದ ಪ್ರಶ್ನೆ. ಮಗನಿಗೆ ಉದ್ಯೋಗ ದೊರೆಯಲೆಂದು, ಮಗಳಿಗೆ ಸಂಬಂಧ ಕೂಡಿಬರಲೆಂದು ತಾಯಿಯು ನೋಂಪಿ ಹಿಡಿಯುವುದುಂಟು. ತಾಯಿಯ ಮನಸ್ಸಿನ ಕಳವಳವನ್ನು ಯಾರು ತಾನೇ ನಿಂದಿಸಬಲ್ಲರು? ಕಾಮ್ಯವ್ರತಗಳು ಹಿಂದೂ ಸಮಾಜದಲ್ಲಿ ಪ್ರಸಿದ್ಧವಾಗಿವೆ. ಫಲಾಪೇಕ್ಷೆಯಿಲ್ಲದ ಕರ್ಮವೇ ಶ್ರೇಷ್ಠವೆಂದು ಅವರ ಭಗವದ್ಗೀತೆಯೂ ಬೋಧಿಸುತ್ತದೆ. ನಮ್ಮ ಶಾಸ್ತ್ರದಲ್ಲಂತೂ ಮಾಯೆ, ಮಿಥ್ಯಾತ್ವ, ನಿದಾನಗಳೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿ. ತಪಸ್ಸಿಗೆ ಪ್ರತಿಯಾಗಿ ಭೋಗವನ್ನು ಬೇಡುವುದೇ ನಿದಾನ. ನೋಂಪಿಯ ಕಥೆಗಳಲ್ಲಿ ರಾಜ್ಯ, ಸಂಪತ್ತು ದೊರೆತವೆಂದು ಬರುತ್ತದೆ ನಿಜ. ಅದು ಬೆಳೆಯ ಜೊತೆಗೆ ಬರುವ ಹುಲ್ಲಿನಂತೆ. ಹುಲ್ಲಿಗಾಗಿ ಯಾರೂ ಬತ್ತ ಬಿತ್ತುವುದಿಲ್ಲ. ಹಾಗೆ ಹಿಡಿದ ನೋಂಪಿಯನ್ನು ಅಂಜಿ ಬಿಡಬೇಕಾಗಿಲ್ಲ. ಸಂಕಲ್ಪವನ್ನು ತಿದ್ದಿಕೊಂಡರೆ ಸಾಕು. ಕಷಾಯವು ಉಪಶಮಿಸಲಿ, ಬಂದ ಕಷ್ಟವನ್ನು ಸಮಭಾವದಿಂದ ಸಹಿಸುವ ಬಲ ನನ್ನಲ್ಲಿ ಬೆಳೆಯಲಿ ಎಂಬ ಭಾವನೆಯಿಂದ ಅದೇ ನೋಂಪಿಯನ್ನು ಮುಂದುವರಿಸಲಿ.

ಉದ್ಯಾಪನೆಯ ಆದರ್ಶ

ವ್ರತದ ಉದ್ಯಾಪನೆಯೂ ಉಭಯ ಸಮಾಜಗಳಲ್ಲಿ ಉಂಟು. ಔತಣ, ಉಡುಗೊರೆಗಳ ಆಡಂಬರದಲ್ಲಿ ಅದು ಮುಗಿಯಬಾರದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ಉಜ್ಜ್ವಲ ನಿದರ್ಶನವಿದೆ. ಮಲ್ಲಿಕಬ್ಬೆಯೆಂಬ ಶ್ರಾವಿಕೆಯು ಶ್ರೀಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಗಾಗಿ ಮಹಾಬಂಧ ಸಿದ್ಧಾಂತವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ಮೂಡಬಿದಿರೆಯಲ್ಲಿ ಉಳಿದುಬಂದ ಆ ತಾಡವೋಲೆಯಿಂದಲೇ ಲೋಕಕ್ಕೆ ಆ ಗ್ರಂಥ ದೊರೆಯಿತು. ಒಬ್ಬ ಗೃಹಿಣಿಯ ನೋಂಪಿಯು ಶತಮಾನಗಳಾಚೆಗೆ ಶ್ರುತವನ್ನು ಕಾಪಾಡಿತು.

ಆದುದರಿಂದ ನೆರೆಯವರ ಧರ್ಮದಲ್ಲಿ ಗೌರವವಿರಲಿ, ಲೋಕರೂಢಿಯಲ್ಲಿ ಸೌಜನ್ಯವಿರಲಿ. ಮನೆಗೆ ಯಾವ ಆಚರಣೆ ಬಂದರೂ ಸಮ್ಯಕ್ತ್ವ ಉಳಿಯಿತೇ, ವ್ರತ ಶುದ್ಧವಾಯಿತೇ ಎಂಬ ಎರಡು ಪ್ರಶ್ನೆಗಳನ್ನು ಕೇಳಿಯೇ ಅದನ್ನು ಒಳಗೆ ಕರೆಯೋಣ.

ಸ್ವಾಧ್ಯಾಯಕ್ಕೆ ಪ್ರಶ್ನೆಗಳು

1. ಲೌಕಿಕ ವಿಧಿಯನ್ನು ಒಪ್ಪಲು ಸೋಮದೇವಸೂರಿಗಳು ಹೇಳಿದ ಎರಡು ನಿಬಂಧನೆಗಳಾವುವು?
2. ಅನಂತನ ನೋಂಪಿಯಲ್ಲಿ ಉಭಯ ಸಮಾಜಗಳಿಗೆ ಸಮಾನವಾದುದೇನು, ಭಿನ್ನವಾದುದೇನು?
3. ನಿದಾನವೆಂದರೇನು? ನಿಮ್ಮ ಮನೆಯಲ್ಲಿ ನಡೆಯುವ ಒಂದು ವ್ರತದ ಸಂಕಲ್ಪವನ್ನು ಈ ದೃಷ್ಟಿಯಿಂದ ಪರಿಶೀಲಿಸಿರಿ.