ಪುಸ್ತಕದ ಬೆಲೆ, ಪಾಲಿನ ಬೆಲೆ

ಪ್ರಶ್ನೆ: ನಮ್ಮ ಮನೆಯವರು, ಅವರ ಅಣ್ಣ ಮತ್ತು ತಮ್ಮ ಸೇರಿ ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಲ್ಲಿ ಹತ್ತಿ ಜಿನ್ನಿಂಗ್ ಮಿಲ್ ನಡೆಸುತ್ತಿದ್ದರು. ಮೂವರಿಗೂ ಸಮಪಾಲು. ಹೋದ ವರ್ಷ ನಮ್ಮ ಮನೆಯವರು ತೀರಿಕೊಂಡರು. ಈಗ ಭಾವನವರು ಬ್ಯಾಲೆನ್ಸ್ ಶೀಟ್ ತಂದು, ‘ತಮ್ಮನ ಖಾತೆಯೊಳಗ 7,40,000 ರೂಪಾಯಿ ಅದ, ತಗೊಂಡು ಹಕ್ಕು ಬಿಡುಗಡೆ ಪತ್ರಕ್ಕ ಸಹಿ ಮಾಡವ್ವ’ ಅಂತಾರೆ. ಮಿಲ್ಲಿನ ನಾಲ್ಕು ಎಕರೆ ಜಾಗ 1991ರಲ್ಲಿ 1,20,000ಕ್ಕೆ ಕೊಂಡದ್ದು. ಲೆಕ್ಕದಲ್ಲಿ ಇವತ್ತಿಗೂ ಅಷ್ಟೇ ಇದೆ. ಪಕ್ಕದ ಜಾಗ ಎಕರೆಗೆ 50 ಲಕ್ಷಕ್ಕೆ ಹೋಯಿತಂತೆ. ಆಡಿಟರ್ ಸುಳ್ಳು ಬರೆದಿದ್ದಾರೆಯೇ? ನಾನು ಬಾಯಿ ಬಿಟ್ಟು ಕೇಳಿದರೆ ದುರಾಸೆ ಅನ್ನಿಸೀತೆ?
— ಹೆಸರು ಬೇಡ, ಶಹಾಪುರ

ಉತ್ತರ: ತಂಗಿ, ಮೊದಲು ಒಂದು ಮಾತು. ಈ ಉತ್ತರ ಓದಿ ಮುಗಿಸಿ, ಒಬ್ಬ ವಕೀಲರನ್ನು ಕಂಡು ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ಹಣವನ್ನೂ ‘ಪೂರ್ತಿ ಮುಟ್ಟಿತು’ ಎಂದು ಬರೆದುಕೊಟ್ಟು ಪಡೆಯಬೇಡಿ.

ಆಡಿಟರ್ ಸುಳ್ಳು ಬರೆದಿಲ್ಲ. ಆಸ್ತಿಯನ್ನು ಕೊಂಡ ಬೆಲೆಗೇ ಪುಸ್ತಕದಲ್ಲಿ ಇಡುವುದು ಒಪ್ಪಿತ ಕ್ರಮ. ಕಟ್ಟಡ, ಯಂತ್ರಗಳಿಗೆ ವರ್ಷವರ್ಷ ಸವಕಳಿ ಕಳೆಯುತ್ತಾರೆ, ಜಾಗಕ್ಕೆ ಸವಕಳಿ ಇಲ್ಲ. ಹಾಗಾಗಿ 1991ರ ಅಂಕಿ ಅಲ್ಲೇ ನಿಂತಿದೆ. ಈ ಕ್ರಮಕ್ಕೆ ಕಾರಣವೂ ಇದೆ. ಕೊಂಡ ಬೆಲೆಗೆ ಖರೀದಿ ಪತ್ರದ ಸಾಕ್ಷಿ ಇರುತ್ತದೆ, ಇವತ್ತಿನ ಬೆಲೆ ಅಂದಾಜು. ಅಂದಾಜನ್ನೇ ಲಾಭವೆಂದು ಬರೆದುಕೊಳ್ಳಲು ಬಿಟ್ಟರೆ ಏನಾಗುತ್ತದೆಂದು ಅಮೆರಿಕದ ಎನ್ರಾನ್ ಕಂಪನಿ ತೋರಿಸಿತು. ಮುಂದಿನ ಎಷ್ಟೋ ವರ್ಷಗಳಲ್ಲಿ ಬರಬಹುದಾದ ಲಾಭವನ್ನು ತಾನೇ ಲೆಕ್ಕ ಹಾಕಿ ಈಗಲೇ ಬಂದಂತೆ ಬರೆದುಕೊಂಡ ಆ ಕಂಪನಿ 2001ರ ಡಿಸೆಂಬರಿನಲ್ಲಿ ದಿವಾಳಿ ಎದ್ದಿತು. ಹಳೆಯ ಬೆಲೆಯನ್ನೇ ನಂಬಿ ಕೂತರೂ ಅಪಾಯ ತಪ್ಪದು. 2023ರ ಮಾರ್ಚಿನಲ್ಲಿ ಬಿದ್ದ ಸಿಲಿಕಾನ್ ವ್ಯಾಲಿ ಬ್ಯಾಂಕಿನ ಪುಸ್ತಕದಲ್ಲಿ ಬಾಂಡುಗಳ ದೊಡ್ಡ ಪಾಲು ಕೊಂಡ ಬೆಲೆಯ ಲೆಕ್ಕದಲ್ಲೇ ಇತ್ತು. ಪೇಟೆಯಲ್ಲಿ ಅವುಗಳ ಬೆಲೆ ಆಗಲೇ ಇಳಿದುಹೋಗಿತ್ತು.

ಆದ್ದರಿಂದ ಆ ಬ್ಯಾಲೆನ್ಸ್ ಶೀಟ್ ಯಾವ ಪ್ರಶ್ನೆಗೆ ಉತ್ತರ ಎಂಬುದನ್ನು ನೋಡಬೇಕು. ಮೂವರೂ ಕೂಡಿ ವ್ಯಾಪಾರ ಮಾಡುತ್ತಿರುವಾಗ ‘ಈ ವರ್ಷ ಎಷ್ಟು ದುಡಿದೆವು, ಯಾರಿಗೆಷ್ಟು ಕೊಡಬೇಕು’ ಎಂದು ತಿಳಿಯಲು ಅದು ಸಾಕು. ಒಬ್ಬರ ಪಾಲನ್ನು ಕೊನೆಯದಾಗಿ ಚುಕ್ತಾ ಮಾಡುವಾಗ ಕೇಳಬೇಕಾದದ್ದು ‘ಪೇಟೆಯಲ್ಲಿ ಇದೆಲ್ಲದರ ಬೆಲೆ ಏನು’ ಎಂದು. ಅದಕ್ಕೆ ಆ ಹಾಳೆಯಲ್ಲಿ ಉತ್ತರವಿಲ್ಲ. ಪಾಲುದಾರರು ಬರುವಾಗ, ಹೋಗುವಾಗ ಆಸ್ತಿಗಳನ್ನು ಮರುಮೌಲ್ಯಮಾಪನ ಮಾಡಿ, ಹೆಚ್ಚು ಕಡಿಮೆಯನ್ನು ಹಳೆಯ ಪಾಲಿನಂತೆ ಹಂಚುವುದು ಪಿಯುಸಿ ಲೆಕ್ಕಶಾಸ್ತ್ರದ ಪುಸ್ತಕದಲ್ಲೇ ಇರುವ ಪಾಠ. ನಿಮ್ಮ ಆಡಿಟರಿಗೂ ಇದು ಗೊತ್ತು, ಯಾರೂ ಕೇಳದೆ ಅವರು ಮಾಡುವುದಿಲ್ಲ.

ನೀವು ಕೊಟ್ಟ ಅಂಕಿಗಳನ್ನೇ ಹಿಡಿದು ನೋಡೋಣ. ಎಕರೆಗೆ 50 ಲಕ್ಷ ನಿಜವಾದರೆ ಜಾಗ 2 ಕೋಟಿ. ಪುಸ್ತಕಕ್ಕಿಂತ 1,98,80,000 ಹೆಚ್ಚು. ಯಂತ್ರಗಳ ಕಡೆ ಉಲ್ಟಾ ಇರಬಹುದು. ಹಳೆಯ ರೋಲರ್ ಜಿನ್ನುಗಳು, ಪ್ರೆಸ್ಸು ಪುಸ್ತಕದಲ್ಲಿ 18 ಲಕ್ಷ ಇದ್ದು ಮಾರಿದರೆ 9 ಲಕ್ಷವಷ್ಟೇ ಬರುವುದಾದರೆ 9 ಲಕ್ಷ ಕಳೆಯಬೇಕು. ಉಳಿದದ್ದರ ಮೂರನೇ ಒಂದು ಪಾಲು ಸುಮಾರು 63,26,000. ಅದಕ್ಕೆ 7,40,000 ಸೇರಿದರೆ ಸುಮಾರು 70,66,000. ಬ್ಯಾಂಕಿನ ಸಾಲ ಪುಸ್ತಕದಲ್ಲಿ ಆಗಲೇ ಕಳೆದಿರುತ್ತದೆ. ಗೋದಾಮಿನ ಅರಳೆ, ಹತ್ತಿಕಾಳಿನ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ಕೈಗೆ ಬರುವ ಬೆಲೆ, ಎರಡರಲ್ಲಿ ಕಡಿಮೆಯದಕ್ಕೆ ಹಿಡಿದಿರುತ್ತಾರೆ. ಹತ್ತಿ ದರ ಏರಿದ್ದರೆ ಅಲ್ಲಿಯೂ ಸ್ವಲ್ಪ ಸೇರುತ್ತದೆ.

ಹಾಗೆಂದು 2 ಕೋಟಿಯನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಬೇಡಿ. ‘ಹೋಯಿತಂತೆ’ ಎನ್ನುವುದು ಬೆಲೆಯಲ್ಲ. ಅವಸರವಿಲ್ಲದ, ವಿಷಯ ತಿಳಿದ ಕೊಳ್ಳುವವರು ಮತ್ತು ಮಾರುವವರು ಬೆಲೆ ಹಿಡಿಯುವ ದಿನ ಒಪ್ಪುತ್ತಿದ್ದ ದರವೇ ನ್ಯಾಯವಾದ ಬೆಲೆ. ಉಪನೋಂದಣಿ ಕಚೇರಿಯ ಮಾರ್ಗಸೂಚಿ ದರವೂ ಅದಲ್ಲ. ಅದು ಮುದ್ರಾಂಕ ಶುಲ್ಕಕ್ಕೆಂದು ಸರ್ಕಾರ ಇಟ್ಟದ್ದು, ರಾಜ್ಯದಲ್ಲಿ 2023ರ ಅಕ್ಟೋಬರ್ 1ರಿಂದ ಪರಿಷ್ಕರಣೆಯಾಗಿದೆ. ಅದನ್ನು ಹೋಲಿಕೆಗೆ ಇಟ್ಟುಕೊಳ್ಳಿ. ಅದೇ ರಸ್ತೆಯಲ್ಲಿ ಈಚೆಗೆ ನೋಂದಣಿಯಾದ ಖರೀದಿ ಪತ್ರಗಳನ್ನು ತೆಗೆಸಿ. ನೋಂದಾಯಿತ ಮೌಲ್ಯಮಾಪಕರಿಂದ ವರದಿ ಮಾಡಿಸಿ. ಜಾಗ, ಕಟ್ಟಡಕ್ಕೆ ಒಬ್ಬರು, ಯಂತ್ರಗಳಿಗೆ ಬೇರೊಬ್ಬರು ಬೇಕಾಗುತ್ತಾರೆ. ಬೆಲೆ ಹಿಡಿಯಬೇಕಾದದ್ದು ನಿಮ್ಮ ಮನೆಯವರು ತೀರಿಕೊಂಡ ದಿನಕ್ಕೆ ಎಂದು ಅವರಿಗೆ ಸ್ಪಷ್ಟವಾಗಿ ಹೇಳಿ.

ಇನ್ನೊಂದು ವರದಿ ಈಗಾಗಲೇ ಎಲ್ಲೋ ಇರಬಹುದು. ಮಿಲ್ಲಿಗೆ ಬ್ಯಾಂಕಿನ ಸಿಸಿ (ಕ್ಯಾಶ್ ಕ್ರೆಡಿಟ್) ಸಾಲವಿದ್ದು ಜಾಗ ಅಡವಿದ್ದರೆ, ಸಾಲ ಕೊಡುವಾಗ ಬ್ಯಾಂಕು ಅದೇ ಜಾಗಕ್ಕೆ ಅಂದಿನ ಪೇಟೆ ಬೆಲೆ ಕಟ್ಟಿಸಿರುತ್ತದೆ. ಬ್ಯಾಂಕಿನ ಮುಂದೆ ಒಪ್ಪಿದ ಬೆಲೆಯನ್ನು ಮನೆಯ ಹೆಣ್ಣುಮಗಳ ಮುಂದೆ ಒಪ್ಪುವುದಿಲ್ಲ ಎನ್ನಲು ಯಾರಿಗೂ ಬಾಯಿ ಬರಬಾರದು. ಬ್ಯಾಂಕಿಗೆ ಹೋದಾಗ ನಿಮ್ಮ ಮನೆಯವರು ವೈಯಕ್ತಿಕ ಜಾಮೀನು ಹಾಕಿದ್ದರೇ ಎಂದು ವಿಚಾರಿಸಿ. ಪಾಲು ಚುಕ್ತಾ ಆಗುವ ದಿನವೇ ಅದು ರದ್ದಾದ ಪತ್ರವೂ ನಿಮ್ಮ ಕೈಗೆ ಬರಬೇಕು.

ಎಲ್ಲಕ್ಕಿಂತ ಮುಖ್ಯ, ಪಾಲುದಾರಿಕೆ ಪತ್ರದ ನಕಲು. ‘ಪಾಲುದಾರ ತೀರಿಕೊಂಡರೆ ಕೊನೆಯ ಬ್ಯಾಲೆನ್ಸ್ ಶೀಟಿನ ಬೆಲೆಗೇ ಚುಕ್ತಾ’ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ನಿಮ್ಮ ದಾರಿ ಕಷ್ಟದ್ದು, ಅದನ್ನು ಮುಚ್ಚಿಟ್ಟು ನಿಮಗೆ ಆಸೆ ಹುಟ್ಟಿಸಲಾರೆ. ಹಾಗೇನೂ ಬರೆದಿಲ್ಲದಿದ್ದರೆ ಪುಸ್ತಕದ ಬೆಲೆಗೆ ಕಟ್ಟುಬೀಳಬೇಕಿಲ್ಲ. ಚುಕ್ತಾ ಮಾಡದೆ ಅದೇ ಆಸ್ತಿಯಲ್ಲಿ ಮಿಲ್ ನಡೆಸುತ್ತಿದ್ದರೆ, 1932ರ ಪಾಲುದಾರಿಕೆ ಕಾಯ್ದೆಯ 37ನೇ ಕಲಮಿನಂತೆ, ಬೇರೆ ಕರಾರು ಇಲ್ಲದಿದ್ದಲ್ಲಿ, ಆ ಅವಧಿಯ ಲಾಭದಲ್ಲಿ ಪಾಲು ಅಥವಾ ವರ್ಷಕ್ಕೆ ಶೇ 6 ಬಡ್ಡಿ, ಯಾವುದು ಬೇಕೋ ಅದನ್ನು ಕೇಳಬಹುದು. ಜಾಗ ಮಿಲ್ಲಿನ ಹೆಸರಿನಲ್ಲಿದೆಯೋ, ಅಣ್ಣತಮ್ಮಂದಿರ ಹೆಸರಿನಲ್ಲೋ ಎಂದು ಖರೀದಿ ಪತ್ರ, ಪಹಣಿ ನೋಡಿಸಿ. ಬರುವ ಹಣ ನಿಮ್ಮೊಬ್ಬರದಲ್ಲ. ನಿಮ್ಮ ಮಕ್ಕಳಿಗೂ, ಅತ್ತೆಯವರಿದ್ದರೆ ಅವರಿಗೂ ಸಮನಾದ ಪಾಲಿದೆ.

ದುರಾಸೆಯ ಮಾತಿಗೆ ಬರುತ್ತೇನೆ, ನಿಮ್ಮ ಪತ್ರದಲ್ಲಿ ನನ್ನನ್ನು ಕಾಡಿದ್ದು ಅದೇ. ‘ಮಿಲ್ ಬೆಳೆಸಿದವರು ನಾವು’ ಎಂದು ಭಾವನವರು ಹೇಳಬಹುದು. ವ್ಯಾಪಾರ ಬೆಳೆಸಿದ್ದು ನಿಜವೇ ಇದ್ದೀತು. ಜಾಗದ ಬೆಲೆಯನ್ನು ಮಾತ್ರ ಅವರಾಗಲಿ ನಿಮ್ಮ ಮನೆಯವರಾಗಲಿ ಏರಿಸಿಲ್ಲ. ನಾರಾಯಣಪುರದ ಎಡದಂಡೆ ಕಾಲುವೆ, ಶಹಾಪುರ ಶಾಖಾ ಕಾಲುವೆಗಳಲ್ಲಿ ಕೃಷ್ಣೆಯ ನೀರು ಬಂತು, ಮಳೆ ನಂಬಿದ ಹೊಲಗಳಲ್ಲಿ ಹತ್ತಿ, ಭತ್ತ ಹೆಚ್ಚಿತು, 2009ರ ಕೊನೆಯಲ್ಲಿ ಯಾದಗಿರಿ ಜಿಲ್ಲೆಯಾಯಿತು, ಊರು ರಸ್ತೆಗುಂಟ ಬೆಳೆಯಿತು. ಆ ಏರಿಕೆ 1991ರಲ್ಲಿ ಹಣ ಹಾಕಿದ ಮೂವರಿಗೂ ಸೇರಿದ್ದು. ಅದರಲ್ಲಿ ಸತ್ತವರ ಪಾಲನ್ನು ಮಕ್ಕಳಿಗಾಗಿ ಕೇಳುವುದಕ್ಕೆ ದುರಾಸೆ ಎನ್ನುವುದಿಲ್ಲ, ತಾಯಿ.

ಭಾವನವರ ಕಷ್ಟವನ್ನೂ ನೋಡಬೇಕು. ಪುಸ್ತಕದಲ್ಲಿ ಬೆಲೆ ಏರಿದರೆ ಕೈಗೆ ರೊಕ್ಕ ಬರುವುದಿಲ್ಲ. 70 ಲಕ್ಷ ಒಮ್ಮೆಗೇ ಕೇಳಿದರೆ ಮಿಲ್ ಮಾರಬೇಕಾದೀತು. ಮರುಮೌಲ್ಯಮಾಪನದ ಏರಿಕೆಯನ್ನು ಪಾಲುದಾರರ ಖಾತೆಗೆ ಹಾಕಿದಾಗ ತೆರಿಗೆ ಬೀಳಬಹುದೆಂದು ಸುಪ್ರೀಂ ಕೋರ್ಟು 2022ರ ನವೆಂಬರಿನಲ್ಲಿ ಮನ್ಸುಖ್ ಡೈಯಿಂಗ್ ಪ್ರಕರಣದಲ್ಲಿ ಹೇಳಿದೆ. ಅವರ ಹಿಂಜರಿಕೆಗೆ ಇದೂ ಕಾರಣವಿರಬಹುದು. ತೆರಿಗೆ ಎಷ್ಟು, ಯಾರು ಕಟ್ಟಬೇಕು ಎಂಬುದನ್ನು ಮಿಲ್ಲಿನ ಲೆಕ್ಕ ನೋಡದ ಬೇರೆ ಚಾರ್ಟರ್ಡ್ ಅಕೌಂಟೆಂಟ್ ಹತ್ತಿರ ಬರೆಸಿಕೊಳ್ಳಿ. ಹಣವನ್ನು ನಾಲ್ಕೈದು ವರ್ಷದ ಕಂತುಗಳಲ್ಲಿ, ಬಡ್ಡಿ ಸೇರಿಸಿ, ಮಿಲ್ಲಿನ ಜಾಗದ ಆಧಾರದ ಮೇಲೆ ಕೊಡಲಿ. ನಾನು ಭಾವನವರ ಜಾಗದಲ್ಲಿದ್ದರೂ ಇದನ್ನು ಒಪ್ಪುತ್ತಿದ್ದೆ.

ಇಬ್ಬರೂ ನಂಬುವ ಹಿರಿಯರನ್ನು ಕೂಡಿಸಿ ಹೀಗೆ ಹೇಳಿ: ‘ಭಾವನವರೇ, ನಿಮ್ಮ ಲೆಕ್ಕ ತಪ್ಪು ಅನ್ನೋದಿಲ್ಲ. ಅವರು ತೀರಿಕೊಂಡ ದಿನದ ಬೆಲೆ ಕಟ್ಟಿಸೋಣ, ಅದರ ಖರ್ಚಿನಾಗ ನನ್ನ ಪಾಲು ನಾ ಕೊಡ್ತೀನಿ.’ ಮಾತು ಮುಗಿಯಲಿ ಎಂದು ವರ್ಷಗಟ್ಟಲೆ ಕಾಯಬೇಡಿ. ಸಾವಿನಿಂದ ಪಾಲುದಾರಿಕೆ ಮುಗಿದಿದ್ದರೆ ಲೆಕ್ಕ ಕೇಳಿ ದಾವೆ ಹೂಡಲು ಅಂದಿನಿಂದ ಮೂರೇ ವರ್ಷ ಅವಧಿ. ಒಂದು ವರ್ಷ ಆಗಲೇ ಹೋಗಿದೆ. ಪಾಲುದಾರಿಕೆ ಪತ್ರದ ನಕಲನ್ನು ಈ ವಾರವೇ ಬರವಣಿಗೆಯಲ್ಲಿ ಕೇಳಿ, ಸ್ಪೀಡ್ ಪೋಸ್ಟಿನ ರಸೀದಿ ಇಟ್ಟುಕೊಳ್ಳಿ.